ಹಿಂಬಾಗಿಲಿನಿಂದ ಕಂಡ ನಲವತ್ತೊಂದು ಹೋಟೆಲು

ಆ ಮಹಾನಗರದಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಯಾರನ್ನು ಕೇಳಿದರೂ ಒಂದು ಉತ್ತರ ಸಿಗುತ್ತಿತ್ತು. ಆ ಉತ್ತರಕ್ಕೆ ಆಧಾರವೇನೆಂದು ಕೇಳಿದರೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಹೋಟೆಲುಗಳಲ್ಲಿ ಅಡುಗೆ ಸಾಮಾನು ತಂಪಾಗಿಡುವ ಕೋಲ್ಡ್ ರೂಮುಗಳ ಮೆಕ್ಯಾನಿಕ್ ಒಬ್ಬನ ಬಳಿ ಆಧಾರವಿತ್ತು. ಅದು ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು: ರಬ್ಬರ್ ಬ್ಯಾಂಡ್ ಸುತ್ತಿದ, ಎಣ್ಣೆಗೈಯ ಗುರುತುಗಳಿಂದ ಅಂಚು ಕಪ್ಪಾದ ಒಂದು ನೋಟ್‌ಬುಕ್ಕು. ಅದರಲ್ಲಿ ನಲವತ್ತೊಂದು ಹೋಟೆಲುಗಳಿದ್ದವು. ಪ್ರತಿಯೊಂದಕ್ಕೂ ಎರಡು ಪುಟ. ಪ್ರತಿ ಭೇಟಿಗೂ ಒಂದು ಸಾಲು. ಸಾಲಿನಲ್ಲಿ ತಾರೀಖು, ಹೊರಗಿನ ಶಾಖ, ಒಳಗಿನ ಶಾಖ, ಬಾಗಿಲಂಚಿನ ರಬ್ಬರ್ ಪಟ್ಟಿಯ ಸ್ಥಿತಿ. ಬೇರೆಯವರು ನಾಲಿಗೆಯಿಂದ ಅಳೆಯುವುದನ್ನು ಅವನು ಥರ್ಮಾಮೀಟರಿನಿಂದ ಅಳೆಯುತ್ತಿದ್ದ. ಹಾಗಾಗಿಯೇ ಕಾಲೇಜಿನ ಮೆಟ್ಟಿಲು ತುಳಿಯದ ಅವನಿಗೆ ಜೊತೆಯ ಕೆಲಸಗಾರರು ಡಿಗ್ರಿ ಎಂದು ಹೆಸರಿಟ್ಟಿದ್ದರು. ವಯಸ್ಸು ಐವತ್ತಾರಾಗುವ ಹೊತ್ತಿಗೆ ಮನೆಯ ಬಾಡಿಗೆ ಕರಾರಿನಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಅವನ ನಿಜವಾದ ಹೆಸರು ಬಳಕೆಯಲ್ಲಿರಲಿಲ್ಲ.

ಅವನ ಮೆಚ್ಚಿನ ಜಾಗಗಳ ಪಟ್ಟಿ ಊರಿನವರ ಪಟ್ಟಿಗೆ ಎಲ್ಲಿಯೂ ತಾಳೆಯಾಗುತ್ತಿರಲಿಲ್ಲ. ನದಿಯ ಕಡೆ ಮುಖ ಮಾಡಿದ, ಮೇಜು ಬೇಕಾದರೆ ತಿಂಗಳು ಮೊದಲೇ ಹೇಳಬೇಕಾದ ದೊಡ್ಡ ರೆಸ್ಟೋರೆಂಟೊಂದಿತ್ತು. ಅಲ್ಲಿನ ಕೋಲ್ಡ್ ರೂಮಿನ ಬಾಗಿಲು ಎರಡು ವರ್ಷಗಳಿಂದ ಸರಿಯಾಗಿ ಮುಚ್ಚುತ್ತಿರಲಿಲ್ಲ. ಅದನ್ನು ಪರದೆಯ ಹಗ್ಗದಿಂದ ಬಿಗಿದು ಕಟ್ಟುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಅದರ ಸ್ಥಾನ ಮೂವತ್ತೆಂಟು. ಬಸ್ ನಿಲ್ದಾಣದ ಪಕ್ಕದ, ನಿಂತುಕೊಂಡೇ ತಿನ್ನುವ ಪುಟ್ಟ ಕ್ಯಾಂಟೀನು ಐದನೆಯದು, ಏಕೆಂದರೆ ಅಲ್ಲಿನ ಮುದುಕಿ ಹಾಲನ್ನೂ ಹಸಿ ಮೀನನ್ನೂ ಒಂದೇ ಕಪಾಟಿನಲ್ಲಿ ಇಡಲು ಸತ್ತರೂ ಒಪ್ಪುತ್ತಿರಲಿಲ್ಲ. ಹನ್ನೊಂದನೆಯ ಮಹಡಿಯ ಬಾರೊಂದು ಮೂರನೆಯದು; ಅಲ್ಲಿ ಗ್ಲಾಸು ತುಂಬಿಸುವವನೇ ವಾರಕ್ಕೊಮ್ಮೆ ಅಂಗಿತೋಳು ಮಡಚಿ ಐಸ್ ಯಂತ್ರದ ತೊಟ್ಟಿಗೆ ಕೈಯಿಳಿಸಿ ಉಜ್ಜುತ್ತಿದ್ದ. ಡಿಗ್ರಿ ಕುಡಿಯುವವನಲ್ಲ. ಆದರೂ, "ಕುಡಿಯೋದಾದ್ರೆ ಅಲ್ಲಿ ಕುಡೀರಿ, ಐಸು ಚೊಕ್ಕವಾಗಿರತ್ತೆ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಎಲ್ಲಕ್ಕಿಂತ ಮೇಲೆ, ಒಂದನೆಯ ಸ್ಥಾನದಲ್ಲಿ, ಹಸಿರು ಬಾಗಿಲಿನ ಹೋಟೆಲು. ಹಳೆಯ ಮುದ್ರಣಾಲಯಗಳ ಬೆನ್ನಿಗೆ ಒಂದು ಗಲ್ಲಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಷ್ಟು ಕಿರಿದು. ಅದರ ಕೊನೆಯಲ್ಲಿ ಹಸಿರು ಬಣ್ಣದ ತಗಡಿನ ಬಾಗಿಲು. ಒಳಗೆ ಕಾಲಿಟ್ಟರೆ ಪಾತ್ರೆ ತೊಳೆಯುವ ಜಾಗ, ಅದರ ಪಕ್ಕಕ್ಕೆ ಕೋಲ್ಡ್ ರೂಮು, ಒಂದು ದೊಡ್ಡ ಐಸ್ ಯಂತ್ರ, ಮುಂದೆ ಅಡುಗೆಮನೆ. ಹತ್ತೊಂಬತ್ತು ವರ್ಷಗಳಲ್ಲಿ ಅಲ್ಲಿನ ಶಾಖ ನಾಲ್ಕು ಡಿಗ್ರಿಯಿಂದ ಅರ್ಧ ಡಿಗ್ರಿಯೂ ಆಚೀಚೆ ಸರಿದಿರಲಿಲ್ಲ. ಮುಖ್ಯ ಅಡುಗೆಯವನು ಡಿಗ್ರಿಯದೇ ವಯಸ್ಸಿನ ಬೋಳುತಲೆಯ ಮನುಷ್ಯ. ಮಾತು ಒರಟು, ಕೈ ಮಾತ್ರ ಗಡಿಯಾರ ರಿಪೇರಿಯವನಷ್ಟು ನಾಜೂಕು. ಕೆಲಸ ಮುಗಿದ ಮೇಲೆ ಅವನು ಈರುಳ್ಳಿಯ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಡಿಗ್ರಿಯನ್ನು ಕೂರಿಸಿ, ಅಡುಗೆಯವರು ತಮಗೆಂದು ಮಾಡಿಕೊಂಡ ಊಟವನ್ನು ಬಡಿಸುತ್ತಿದ್ದ: ಹುರಿದ ಈರುಳ್ಳಿ ಸೇರಿಸಿದ ಅನ್ನ, ಮೇಲೊಂದು ಮೊಟ್ಟೆ, ಪಕ್ಕದಲ್ಲಿ ಉಳಿದ ತರಕಾರಿಗಳ ಬಿಸಿ ಸೂಪು. ಇದಕ್ಕಿಂತ ರುಚಿಯಾದದ್ದನ್ನು ತಾನು ತಿಂದಿಲ್ಲವೆಂಬುದು ಡಿಗ್ರಿಯ ನಂಬಿಕೆ. ಅವನ ಬಳಿ ಆಧಾರವಿಲ್ಲದೆ ಉಳಿದಿದ್ದ ನಂಬಿಕೆಗಳಲ್ಲಿ ಅದೂ ಒಂದು.

ಈ ಪಟ್ಟಿಯಲ್ಲಿದ್ದ ಒಂದು ಕೊರತೆಯನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಶೈತ್ಯಯಂತ್ರ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ, ಅಷ್ಟೆ. ಸುರಿಯುವ ಜಾಗ ಯಾವಾಗಲೂ ಕಟ್ಟಡದ ಬೆನ್ನು. ಆದ್ದರಿಂದ ಅದನ್ನು ರಿಪೇರಿ ಮಾಡುವವನ ದಾರಿಯೂ ಬೆನ್ನಿನ ಕಡೆಯಿಂದಲೇ. ನಲವತ್ತೊಂದರಲ್ಲಿ ಒಂದೇ ಒಂದು ಹೋಟೆಲಿನ ಮುಂಭಾಗವನ್ನೂ ಡಿಗ್ರಿ ನೋಡಿರಲಿಲ್ಲ. ನೋಡಬೇಕೆಂದು ಅವನಿಗೆ ಅನಿಸಿರಲೂ ಇಲ್ಲ. ಮುಖವೆನ್ನುವುದು ತೊಳೆದು ಒರೆಸಿ ತೋರಿಸಲು ಇರುವಂಥದ್ದು, ಅದರಿಂದ ಏನೂ ತಿಳಿಯುವುದಿಲ್ಲ ಎಂಬುದು ಅವನ ವಾದ. ವಾದ ತಪ್ಪೇನಲ್ಲ, ಅರ್ಧ ಮಾತ್ರ.

ಉಳಿದರ್ಧದ ಅಗತ್ಯ ಬಿದ್ದದ್ದು ಮಗಳ ಮದುವೆಯ ಮಾತು ಬಂದಾಗ. ಅವನ ಒಬ್ಬಳೇ ಮಗಳು ರಕ್ತನಿಧಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿಯೂ ರಕ್ತದ ಚೀಲಗಳು ನಾಲ್ಕು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕೆಂಬುದು ಅಪ್ಪನಿಗೆ ಒಳಗೊಳಗೇ ಹೆಮ್ಮೆ. ಅವಳು ಮೆಚ್ಚಿದ ಹುಡುಗ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಹುಡುಗನ ತಾಯಿ ಶಾಲೆಯೊಂದರ ಹೆಡ್‌ಮಿಸ್ಸು. ಎರಡು ಮನೆಯವರು ಒಂದು ಕಡೆ ಕುಳಿತು ಉಣ್ಣುವುದು, ಆಮೇಲೆ ಹೌದೋ ಅಲ್ಲವೋ ಹೇಳುವುದು ಎಂದು ಆಕೆ ಮಗನ ಮೂಲಕ ತಿಳಿಸಿದ್ದರು. ಜಾಗ ಹುಡುಕುವ ಕೆಲಸ ಹುಡುಗಿಯ ಕಡೆಗೆ ಬಂದಿತ್ತು.

"ನಮ್ಮಪ್ಪಂಗೆ ಈ ಊರಿನ ಪ್ರತಿ ಹೋಟೆಲೂ ಒಳಗಿಂದ ಗೊತ್ತು ಅಂತ ಹೇಳ್ಬಿಟ್ಟಿದೀನಿ," ಎಂದಳು ಮಗಳು, ಅಡುಗೆಮನೆಯ ಮೇಜಿಗೆ ಮೊಣಕೈ ಊರಿ. "ಈಗ ನೀವೇ ಮಾನ ಉಳಿಸ್ಬೇಕು."

"ಹೇಳಿದ್ದು ಸುಳ್ಳಲ್ವಲ್ಲ."

"ಇನ್ನೊಂದಿದೆ ಅಪ್ಪ. ಅವರಮ್ಮ ಕೇಳಿರೋದು ಒಂದೇ. ಬಾಟ್ಲಿ ಇರೋ ಜಾಗ ಬೇಡ ಅಂದಿದಾರೆ. ಅವರ ಯಜಮಾನ್ರು ಇದ್ದಾಗ ಹನ್ನೊಂದು ವರ್ಷ ಇವರೇ ಬಾರ್‌ಗಳ ಬಾಗಿಲಿಗೆ ಹೋಗಿ ಕರ್ಕೊಂಡು ಬರ್ತಿದ್ರಂತೆ. ಅವರು ಹೋದ್ಮೇಲೆ ಆ ಥರದ ಬಾಗಿಲ ಮುಂದೆ ನಿಂತಿಲ್ಲ. ನಿಲ್ಲೋದೂ ಇಲ್ಲ ಅಂದಿದಾರೆ."

ಡಿಗ್ರಿ ನೋಟ್‌ಬುಕ್ಕು ತೆಗೆದು ಮೂರನೆಯ ಸ್ಥಾನದ ಮೇಲೆ ಬೆರಳಿಟ್ಟು, ತಲೆಯಾಡಿಸಿ, ಒಂದನೆಯದಕ್ಕೆ ಬಂದ. "ಹಸಿರು ಬಾಗಿಲು. ಹತ್ತೊಂಬತ್ತು ವರ್ಷದಿಂದ ಆ ಕೋಲ್ಡ್ ರೂಮಿನೊಳಗೆ ಹೋಗಿ ಬರ್ತಿದೀನಿ. ಒಂದು ಬಾಟ್ಲಿ ಕಂಡಿಲ್ಲ. ತರಕಾರಿ, ಮಾಂಸ, ಮೊಟ್ಟೆ, ಒಂದು ದೊಡ್ಡ ಟ್ರೇ ತುಂಬ ನಿಂಬೆಹಣ್ಣು. ಅಷ್ಟೇ."

"ಒಂದ್ಸಲ ಮುಂದುಗಡೆಯಿಂದ ನೋಡ್ಕೊಂಡು ಬನ್ನಿ ಅಂದ್ರೆ ಏನ್ರೀ ಕಷ್ಟ ನಿಮಗೆ?" ಎಂದಳು ಹೆಂಡತಿ. ಆಕೆ ಅವರ ಬೀದಿಯ ದರ್ಜಿ. ಬಟ್ಟೆಯನ್ನು ಎರಡೂ ಮಗ್ಗುಲಿನಿಂದ ನೋಡದೆ ಕತ್ತರಿ ಹಿಡಿಯದವಳು.

"ಹೊಟ್ಟೆಯೊಳಗಿರೋದೆಲ್ಲ ನೋಡಾಗಿದೆ, ಇನ್ನು ಮೂಗು ನೋಡಿ ಏನ್ ಮಾಡ್ಲಿ?"

"ಉಣ್ಣೋಕೆ ಬರೋರು ಮೂಗಿನ ಕಡೆಯಿಂದಾನೇ ಬರೋದು."

ಅವನು ನಕ್ಕುಬಿಟ್ಟ. ಮರುದಿನ ಅಡುಗೆಯವನಿಗೆ ಫೋನು ಮಾಡಿದ.

"ಭಾನುವಾರ ಐದು ಜನ ಬರ್ತೀವಿ."

"ಐದು ಜನಾನಾ? ಯಂತ್ರಕ್ಕೆ ಏನಾಯ್ತು?"

"ಯಂತ್ರಕ್ಕಲ್ಲ ಮಾರಾಯ, ಊಟಕ್ಕೆ. ಹನ್ನೊಂದೂವರೆಗೆ."

"ಅಷ್ಟೊತ್ತಿಗೆ ಯಾರು ಉಣ್ತಾರೆ? ನಾವು ಬಾಗಿಲು ತೆಗೆಯೋದೇ ಆಗ."

"ಬೀಗಿತ್ತಿ ಆಗೋರು ಹೆಡ್‌ಮಿಸ್ಸು. ಸ್ಕೂಲಿನ ಗಂಟೆಗೆ ಹೊಟ್ಟೆ ಒಗ್ಗಿದೆಯಂತೆ."

"ಸರಿ ಬಿಡು. ಫ್ಯಾಮಿಲಿ ತಾನೆ? ಆ ಕಡೆ ಮೂಲೆ ಟೇಬಲ್ ಹಿಡಿದಿಡ್ತೀನಿ."

ಫ್ಯಾಮಿಲಿಯೇ ಎಂದು ಡಿಗ್ರಿ ಹೇಳಿದ. ಹೋಟೆಲಿನವನು ಹಾಗೇಕೆ ಕೇಳಿದ ಎಂದು ಅವನು ಯೋಚಿಸಲಿಲ್ಲ. ಮೂವತ್ತು ಜನ ಕೂರುವ ಜಾಗಕ್ಕೆ ಅಷ್ಟು ದೊಡ್ಡ ಐಸ್ ಯಂತ್ರ ಏಕೆ ಬೇಕೆಂದೂ ಹಿಂದೆಂದೂ ಯೋಚಿಸಿರಲಿಲ್ಲ, ಶರಬತ್ತಿಗಿರಬೇಕು ಎಂದುಕೊಂಡಿದ್ದ. ತನ್ನ ಊಹೆಗೆ ಹೊಂದುವ ಕಾರಣವೊಂದು ಕೈಗೆ ಸಿಕ್ಕೊಡನೆ ಹುಡುಕಾಟ ನಿಲ್ಲಿಸುವುದು ಓದಿದವರಿಗೂ ಇರುವ ಅಭ್ಯಾಸ. ಡಿಗ್ರಿಯ ತಪ್ಪು ಅದಕ್ಕಿಂತ ದೊಡ್ಡದೇನಾಗಿರಲಿಲ್ಲ.

ಭಾನುವಾರ ಅಂಗಿಗೆ ಇಸ್ತ್ರಿಯಾಗಿತ್ತು. ಜೇಬಿನಲ್ಲಿ ನೋಟ್‌ಬುಕ್ಕು ಬೇಡವೆಂದು ಹೆಂಡತಿ ಹೇಳಿದ್ದಳು, ಆದರೂ ಇತ್ತು. ಇವತ್ತೊಂದು ದಿನ ಡಿಗ್ರಿಗಳ ಮಾತು ಬೇಡವೆಂದು ಮಗಳು ಭಾಷೆ ತೆಗೆದುಕೊಂಡಿದ್ದಳು. ಕೆಲಸದ ಚೀಟಿಯಲ್ಲಿದ್ದ ಕಟ್ಟಡದ ನಂಬರು ಹಿಡಿದು ಮೂವರೂ ಮುಖ್ಯರಸ್ತೆಯ ಕಡೆಯಿಂದ ನಡೆದು ಬಂದರು. ಔಷಧಿಯಂಗಡಿ, ಬೀಗದ ಅಂಗಡಿ, ಚಪ್ಪಲಿ ಅಂಗಡಿ. ನಂಬರು ಒಂದೊಂದಾಗಿ ಏರುತ್ತ ಹೋಗಿ ತಮ್ಮ ನಂಬರಿಗೆ ಬಂದಾಗ ಡಿಗ್ರಿ ಚೀಟಿಯನ್ನು ಮತ್ತೊಮ್ಮೆ ನೋಡಿದ.

ಎದುರಿಗೆ ಕಪ್ಪು ಗಾಜು. ಗಾಜಿನ ಮೇಲೆ ಮನುಷ್ಯನೆತ್ತರದ ಬಾಟಲಿಯ ಚಿತ್ರ, ಅದರ ಸುತ್ತ ಹಗಲಲ್ಲೂ ಮಿಣುಕುವ ಕೆಂಪು ದೀಪದ ಸಾಲು. ಅರೆತೆರೆದ ಬಾಗಿಲಿನಾಚೆ ಮೇಜುಗಳ ಮೇಲೆ ಬೋರಲಾದ ಕುರ್ಚಿಗಳು. ಒಬ್ಬ ನೆಲ ಒರೆಸುತ್ತಿದ್ದ. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಮೂರು ಕೂಲರುಗಳು, ಮೂರರ ತುಂಬ ಬಿಯರು. ಡಿಗ್ರಿಯ ಕಣ್ಣು ಮೊದಲು ಹೋದದ್ದು ಬಾಟಲಿಗಳ ಮೇಲಲ್ಲ, ಕೂಲರುಗಳ ಮೇಲೆ. ಬಿಯರ್ ಕಂಪನಿಯೇ ಕೊಡುವ ಕೂಲರು. ಕೆಟ್ಟರೆ ಕಂಪನಿಯ ಮೆಕ್ಯಾನಿಕ್ಕೇ ಮುಂದಿನ ಬಾಗಿಲಿನಿಂದ ಬಂದು ನೋಡುತ್ತಾನೆ. ಪೆಟ್ಟಿಗೆಗಳೂ ಮುಖ್ಯರಸ್ತೆಯಲ್ಲೇ ಇಳಿಯುತ್ತವೆ, ಗಲ್ಲಿಗೆ ಗಾಡಿ ಬರುವುದಿಲ್ಲ. ಹತ್ತೊಂಬತ್ತು ವರ್ಷದ ನಿಂಬೆಹಣ್ಣು, ಹತ್ತೊಂಬತ್ತು ವರ್ಷದ ಐಸು ಒಂದೇ ಏಟಿಗೆ ಅವನಿಗೆ ಅರ್ಥವಾದವು.

ಮಗಳು ಅವನ ಮುಖ ನೋಡಲಿಲ್ಲ. ಹೆಂಡತಿ ನೋಡಿದಳು.

ಅಷ್ಟರಲ್ಲಿ ರಸ್ತೆಯಾಚೆ ಬಸ್ಸಿಳಿದ ಹುಡುಗನೂ ತಾಯಿಯೂ ದಾಟಿ ಬಂದರು. ಹೆಡ್‌ಮಿಸ್ಸು ಕುಳ್ಳಗಿನ ನೆಟ್ಟನೆಯ ಹೆಂಗಸು. ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಂಡಿದ್ದರು. ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗಲೇ ನಿಂತು, ಕತ್ತೆತ್ತಿ, ಬೋರ್ಡನ್ನು ಹಾಜರಿ ಕರೆಯುವ ದನಿಯಲ್ಲಿ ಓದಿದರು.

"ಬಾರ್. ಕೆಳಗೆ ಸಣ್ಣಕ್ಷರದಲ್ಲಿ ರೆಸ್ಟೋರೆಂಟ್."

"ಅಮ್ಮ," ಎಂದ ಹುಡುಗ.

"ಓದೋಕೆ ಕಣ್ಣು ಸರಿಯಾಗಿದೆ. ಕನ್ನಡಕದ ನಂಬರ್ ನೀನೇ ಕೊಟ್ಟಿದೀಯಲ್ಲ." ಆಕೆ ಡಿಗ್ರಿಯ ಕಡೆ ತಿರುಗಿದರು. "ನಾನು ಕೇಳಿದ್ದು ಒಂದೇ ಒಂದು. ನಿಮಗೆ ಹೇಳಿರಲಿಲ್ವಾ?"

"ಹೇಳಿದ್ರು. ನಿಮ್ಮ ಮಗನೂ ಹೇಳಿದ್ದ, ನನ್ನ ಮಗಳೂ ಹೇಳಿದ್ಲು. ತಪ್ಪು ಇಬ್ಬರದ್ದೂ ಅಲ್ಲ."

"ಮತ್ತೆ?"

ಸುಳ್ಳೊಂದು ಅವನ ಕೈಗೆ ಎಟುಕುವಂತಿತ್ತು. ಇತ್ತೀಚೆಗೆ ಬದಲಾಯಿಸಿರಬೇಕು, ಕಳೆದ ತಿಂಗಳು ಹೀಗಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅಳತೆ ಬರೆದುಕೊಳ್ಳುವ ಕಸುಬಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಹೊಸ ಅಭ್ಯಾಸ ಅಷ್ಟು ಬೇಗ ಬರುವುದಿಲ್ಲ.

"ಈ ಮಗ್ಗುಲು ನಾನು ಇವತ್ತೇ ನೋಡ್ತಿರೋದು, ಮೇಡಂ."

"ನಿಮ್ಮ ಮಗಳು, ನಮ್ಮಪ್ಪಂಗೆ ಪ್ರತಿ ಹೋಟೆಲೂ ಒಳಗಿಂದ ಗೊತ್ತು ಅಂದಿದ್ಲಂತೆ."

"ಒಳಗಿಂದ ಗೊತ್ತು. ಮುಂದಿನಿಂದ ಗೊತ್ತಿಲ್ಲ. ನಾನು ಹಿಂದಿನ ಬಾಗಿಲಲ್ಲಿ ಬರೋನು. ಹತ್ತೊಂಬತ್ತು ವರ್ಷ ಆಯ್ತು." ಅವನು ಜೇಬಿಗೆ ಕೈಹಾಕಿದ. ಮಗಳು ಕಣ್ಣು ಮುಚ್ಚಿಕೊಂಡಳು. ಅವನು ನೋಟ್‌ಬುಕ್ಕಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಪುಟ ತೆಗೆದು ಹೆಡ್‌ಮಿಸ್ಸಿನ ಮುಂದೆ ಹಿಡಿದ.

ಆಕೆ ಅದನ್ನು ಕೈಗೆ ತೆಗೆದುಕೊಂಡರು. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವರು ಒಂದು ಪುಟವನ್ನು ಹೇಗೆ ನೋಡುತ್ತಾರೋ ಹಾಗೆ ನೋಡಿದರು: ಮೊದಲು ಅಂಚು, ಆಮೇಲೆ ಅಕ್ಷರ, ಕೊನೆಗೆ ವಿಷಯ. ಹಿಂದಿನ ಪುಟಕ್ಕೆ ಹೋದರು. ಮಸಿ ಬದಲಾಗಿತ್ತು, ಅಂಕೆ ಬದಲಾಗಿರಲಿಲ್ಲ.

"ಇದು ಒಂದನೆಯದು. ಎರಡನೆಯದಿದೆಯಲ್ಲ, ಅದರ ಮುಂಭಾಗ ನೋಡಿದೀರಾ?"

"ಇಲ್ಲ."

"ಮೂರನೆಯದು?"

"ಅದು ಬಾರೇ. ಅದು ಗೊತ್ತಿತ್ತು, ಅದಕ್ಕೇ ಬಿಟ್ಟೆ."

"ನಾಲ್ಕನೆಯದು?"

"ಇಲ್ಲ ಮೇಡಂ. ನಲವತ್ತೊಂದರಲ್ಲಿ ಒಂದೂ ಇಲ್ಲ."

ಹುಡುಗನಿಗೆ ನಗು ತಡೆಯಲಾಗಲಿಲ್ಲ. ತಾಯಿ ತಿರುಗಿ ನೋಡಿದ ಮೇಲೆ ತಡೆದುಕೊಂಡ. ಡಿಗ್ರಿಯ ಹೆಂಡತಿ ಮೊದಲ ಸಲ ಬಾಯಿ ತೆರೆದಳು. "ನಾನೂ ಇಪ್ಪತ್ತೇಳು ವರ್ಷದಿಂದ ಈ ಹೋಟೆಲುಗಳ ಕಥೆ ಕೇಳ್ತಿದೀನಿ. ಒಂದಕ್ಕೂ ಕರ್ಕೊಂಡು ಹೋಗಿಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು. ಬಾಗಿಲೇ ಗೊತ್ತಿಲ್ಲ ಈ ಮನುಷ್ಯಂಗೆ."

ಹೆಡ್‌ಮಿಸ್ಸು ನಗಲಿಲ್ಲ. ನೋಟ್‌ಬುಕ್ಕು ಮುಚ್ಚಿ ಬೆರಳನ್ನು ಪುಟದ ನಡುವೆಯೇ ಇಟ್ಟುಕೊಂಡು ಕಪ್ಪು ಗಾಜನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ಊಹಿಸಬಹುದು, ಊಹೆಗೆ ಆಧಾರವಿಲ್ಲ. ನೆಲ ಒರೆಸುವವನು ಬಂದು, "ಒಳಗೆ ಬನ್ನಿ, ಕೂತ್ಕೊಳ್ಳಿ," ಎಂದ. ಯಾರೂ ಅಲುಗಲಿಲ್ಲ. ಮಗಳು ತನ್ನ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಈಗ ತಾಯಿ ಮಗನ ತೋಳು ಹಿಡಿದು ಬಸ್ಸಿನ ಕಡೆ ತಿರುಗಿದರೆ ಎಲ್ಲವೂ ಅಲ್ಲಿಗೇ ನಿಂತುಹೋಗುತ್ತದೆಂದು ಐವರಿಗೂ ತಿಳಿದಿತ್ತು.

"ನಿಮಗೆ ಗೊತ್ತಿರೋ ಬಾಗಿಲು ಎಲ್ಲಿದೆ?" ಎಂದರು ಹೆಡ್‌ಮಿಸ್ಸು.

ಡಿಗ್ರಿ ಮುಂದೆ, ಉಳಿದವರು ಸಾಲಾಗಿ ಹಿಂದೆ. ಬೀಗದ ಅಂಗಡಿಯ ಪಕ್ಕದ ಸಂದಿಯಲ್ಲಿ ಹೊಕ್ಕು, ಮುದ್ರಣಾಲಯದ ಗೋಡೆಗುಂಟ ನಡೆದು ಗಲ್ಲಿ ಸೇರಿದರು. ಇಲ್ಲಿಗೆ ಬಂದಮೇಲೆ ಅವನ ನಡಿಗೆಯೇ ಬೇರೆಯಾಯಿತು. "ಆ ಕಲ್ಲು ಅಲುಗತ್ತೆ, ನೋಡ್ಕೊಂಡು," "ಆ ಪೈಪು ಮುಟ್ಬೇಡಿ, ಬಿಸಿ," ಎನ್ನುತ್ತ ಹೋಗಿ ಹಸಿರು ತಗಡಿನ ಮೇಲೆ ಎರಡು ಸಲ ತಟ್ಟಿದ.

ಬಾಗಿಲು ತೆರೆದ ಬೋಳುತಲೆಯವನ ಕೈಯಲ್ಲಿ ತಟ್ಟೆಯಿತ್ತು. ಗಿರಾಕಿಗಳಿಗೆ ಬಾಗಿಲು ತೆಗೆಯುವ ಮೊದಲು ಅಡುಗೆಯವರು ತಾವು ಉಣ್ಣುವ ಹೊತ್ತು ಅದು. "ಟೇಬಲ್ ಮುಂದೆ ಹಾಕಿಸಿದ್ರೆ ಹಿಂದಿನಿಂದ ಯಾಕಯ್ಯ ಬಂದೆ?"

"ಮುಂದೆ ಬಾಟ್ಲಿ ಇದೆ."

"ಬಾರಲ್ಲಿ ಬಾಟ್ಲಿ ಇರದೆ ಹಣತೆ ಇರತ್ತಾ? ನಿನಗೆ ಗೊತ್ತಿರಲಿಲ್ವಾ?"

"ಯಾರು ಹೇಳಿದ್ರು ನನಗೆ?"

"ಯಾರು ಕೇಳಿದ್ರು ಅಂತ ಹೇಳ್ಲಿ?" ಅಡುಗೆಯವನು ಡಿಗ್ರಿಯ ಹಿಂದಿದ್ದವರನ್ನು ನೋಡಿ ದನಿ ಇಳಿಸಿದ. "ಅಮ್ಮಾ, ಇಲ್ಲಿ ಕೂರೋಕೆ ಪೆಟ್ಟಿಗೆ ಬಿಟ್ರೆ ಏನೂ ಇಲ್ಲ. ಊಟಾನೂ ನಾವು ಉಣ್ಣೋದೇ. ಮೆನುವಲ್ಲಿ ಇರೋದಲ್ಲ."

ಇದು ಡಿಗ್ರಿಗೆ ಎರಡನೆಯ ಆಘಾತ. "ಆ ಅನ್ನ, ಆ ಮೊಟ್ಟೆ, ಮೆನುವಲ್ಲಿಲ್ವಾ?"

"ಇದನ್ನ ಯಾರಪ್ಪ ಬಾರಿಗೆ ಬಂದು ಕೇಳ್ತಾರೆ?"

ಮುಂದಿನ ಬಾಗಿಲಿನಿಂದ ಹೋಗಿ ಕುಳಿತಿದ್ದರೂ ತನ್ನ ಮೆಚ್ಚಿನ ಹೋಟೆಲಿನ ಮೆಚ್ಚಿನ ಊಟ ಅಲ್ಲಿ ಸಿಗುತ್ತಿರಲಿಲ್ಲವೆಂದು ಹಾಗೆ ಅವನಿಗೆ ಗೊತ್ತಾಯಿತು.

ಹೆಡ್‌ಮಿಸ್ಸು ಕೂರಲಿಲ್ಲ. "ಮೊದಲು ಆ ಕೋಣೆ ತೋರಿಸಿ," ಎಂದರು. ಡಿಗ್ರಿ ಕೋಲ್ಡ್ ರೂಮಿನ ಹಿಡಿಯನ್ನು ಎಳೆದು ಬಾಗಿಲು ತೆರೆದ. ಆಕೆ ಒಳಗೆ ಹೋದರು. ಹಿಂದೆಯೇ ಡಿಗ್ರಿ, ಹುಡುಗ, ಮಗಳು, ಹೆಂಡತಿ, ಕೊನೆಗೆ ತಟ್ಟೆ ಹಿಡಿದೇ ಅಡುಗೆಯವನು. ಸ್ಟೀಲಿನ ಕಪಾಟುಗಳಲ್ಲಿ ತರಕಾರಿ ಒಂದು ಕಡೆ, ಮಾಂಸ ಕೆಳಗೆ ಬೇರೆ ಕಡೆ, ಮುಚ್ಚಿದ ಪಾತ್ರೆಗಳ ಮೇಲೆಲ್ಲ ತಾರೀಖು. ನಿಂಬೆಹಣ್ಣಿನ ಟ್ರೇ ಎದ್ದು ಕಾಣುತ್ತಿತ್ತು. ಹೆಡ್‌ಮಿಸ್ಸು ಗೋಡೆಯ ಥರ್ಮಾಮೀಟರನ್ನೂ ಬೆರಳಿಟ್ಟುಕೊಂಡಿದ್ದ ಪುಟವನ್ನೂ ಒಂದಾದ ಮೇಲೊಂದು ನೋಡಿದರು.

"ನಾಲ್ಕು," ಎಂದರು. "ಬರೆದಿರೋದೂ ನಾಲ್ಕು." ಆಮೇಲೆ ಕೋಣೆಯ ಆಚೆಯ ಗೋಡೆ ತೋರಿಸಿದರು. "ಇದರಾಚೆ?"

"ಇದರಾಚೆ ಅದೇ, ಮೇಡಂ. ಕೂಲರುಗಳು."

"ಹಾಗಾದ್ರೆ ನೀವು ಹೇಳಿದ್ದು ಸುಳ್ಳಲ್ಲ. ನೋಡಿದ್ದಷ್ಟೇ ಹೇಳಿದೀರಿ. ನೋಡದೇ ಇರೋದನ್ನೂ ಸೇರಿಸಿ ಭರವಸೆ ಕೊಟ್ಟಿರಿ, ಅದು ತಪ್ಪು." ಆಕೆ ನೋಟ್‌ಬುಕ್ಕನ್ನು ಅವನ ಕೈಗಿಟ್ಟರು. "ನಮ್ಮ ಮನೆಯವರು ಪ್ರತಿ ಸಲ, ಬರೀ ಊಟಕ್ಕೆ ಹೋಗಿದ್ದೆ ಅಂತಿದ್ರು. ಬೋರ್ಡು ನೋಡಿಲ್ಲ ಅಂತ ಒಂದು ಸಲವೂ ಅಂದಿರಲಿಲ್ಲ. ಅದನ್ನ ಹೇಳ್ದೋರು ನೀವೇ ಮೊದಲು."

ಅಡುಗೆಯವನು ಬಾಗಿಲ ಕಡೆ ತಿರುಗಿ, "ಅಮ್ಮಾ, ಅನ್ನ ಆರತ್ತೆ," ಎಂದ.

ಐವರೂ ಪೆಟ್ಟಿಗೆಗಳ ಮೇಲೆ ಕುಳಿತು ಉಂಡರು. ಪಾತ್ರೆ ತೊಳೆಯುವವರು ಇವರ ತಲೆಯ ಮೇಲಿಂದ ಕೈಚಾಚಿ ಲೋಟ ತೆಗೆದುಕೊಳ್ಳುತ್ತಿದ್ದರು. ಹೆಡ್‌ಮಿಸ್ಸು ಮೊಟ್ಟೆಯನ್ನು ಅಂಚಿನಿಂದ ಶುರುಮಾಡಿ ಸುತ್ತಲೂ ಕ್ರಮವಾಗಿ ಮುಗಿಸುತ್ತ ಬಂದರು. ಸೂಪನ್ನು ಎರಡು ಸಲ ಹಾಕಿಸಿಕೊಂಡರು. ಡಿಗ್ರಿಯ ಹೆಂಡತಿ ಅಡುಗೆಯವನನ್ನು ಕರೆದು ಈರುಳ್ಳಿ ಎಷ್ಟು ಹೊತ್ತು ಹುರಿದೆ ಎಂದು ವಿಚಾರಿಸಿದಳು. ಗೋಡೆಯಾಚೆ ಯಾರೋ ಟಿ.ವಿ. ಹಾಕಿದರು, ಗ್ಲಾಸುಗಳ ಸದ್ದು ಶುರುವಾಯಿತು. ಆಗ ಹೆಡ್‌ಮಿಸ್ಸು ಗಡಿಯಾರ ನೋಡಿ ಎದ್ದು ಕೈ ತೊಳೆದರು.

"ಬರೋ ಭಾನುವಾರ ನಮ್ಮನೆಗೆ ಬನ್ನಿ," ಎಂದರು ಹುಡುಗಿಗೆ. ಬಳಿಕ ಡಿಗ್ರಿಗೆ, "ಒಂದೇ ಬಾಗಿಲು ಇರೋದು. ಹುಡುಕೋ ಕಷ್ಟ ಇಲ್ಲ."

ಮಗಳು ಬೆರಳಿಗೆ ಮತ್ತೆ ಸುತ್ತಿಕೊಂಡಿದ್ದ ಚೀಲದ ಪಟ್ಟಿಯನ್ನು ಬಿಚ್ಚಿದಳು. ಬೆರಳಿನ ಮೇಲೆ ಬಿಳಿಯ ಗೆರೆ ಬಿದ್ದಿತ್ತು.

ತಾಯಿ ಮಗನನ್ನು ಗಲ್ಲಿಯ ತುದಿಯವರೆಗೆ ಕಳಿಸಿ ಬಂದ ಡಿಗ್ರಿ ಅಭ್ಯಾಸಬಲದಿಂದ ಕೋಲ್ಡ್ ರೂಮಿನ ಥರ್ಮಾಮೀಟರಿಗೆ ಇಣುಕಿದ. ಅಡುಗೆಯವರ ಅವಸರದಲ್ಲಿ ಬಾಗಿಲು ಮತ್ತೆ ಮತ್ತೆ ತೆರೆದು ಮುಚ್ಚಿ, ಒಳಗಿನ ಶಾಖ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮುಳ್ಳು ಐದರ ಹತ್ತಿರವಿತ್ತು. ಸುಮ್ಮನೆ ನಿಂತ ಮನುಷ್ಯನೂ ನೂರು ವಾಟಿನ ಬಲ್ಬಿನಷ್ಟು ಶಾಖ ಸೂಸುತ್ತಾನೆಂಬುದು ಅವನಿಗೆ ಗೊತ್ತಿದ್ದ ಲೆಕ್ಕ. ಅವನು ನೋಟ್‌ಬುಕ್ಕು ತೆಗೆದು ತಾರೀಖು ಬರೆದ. ಹೊರಗೆ ಮೂವತ್ತೊಂದು, ಒಳಗೆ ಐದು ಎಂದು ಬರೆದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಂಕೆ ಸರಿದಿದ್ದರಿಂದ ಪಕ್ಕದಲ್ಲಿ ಕಾರಣವನ್ನೂ ನಮೂದಿಸಿದ: ಬಾಗಿಲು ತೆರೆದಿತ್ತು, ಒಳಗೆ ಆರು ಜನ.

ಸ್ವಲ್ಪ ಯೋಚಿಸಿ, ಪುಟದ ಬಲಗಡೆ ಒಂದು ಗೆರೆ ಎಳೆದು ಹೊಸ ಅಂಕಣ ಮಾಡಿ, ಮೇಲೆ "ಮುಂಭಾಗ" ಎಂದು ಬರೆದ. ಅದರ ಕೆಳಗೆ "ನೋಡಿದೆ" ಎಂದು ಬರೆದು, ಇನ್ನು ನಲವತ್ತು ಉಳಿದಿವೆ ಎಂದು ಎಣಿಸಿಕೊಂಡು ಹೆಂಡತಿಯನ್ನು ಕರೆದ.

"ಬಸ್ ನಿಲ್ದಾಣದ ಕ್ಯಾಂಟೀನು ಇಲ್ಲಿಂದ ದೂರ ಇಲ್ಲ. ಬರ್ತೀಯಾ?"

"ಈಗ ತಾನೆ ಉಂಡಿದೀನಲ್ರೀ."

"ಉಣ್ಣೋಕಲ್ಲ. ನೋಡೋಕೆ."